ಹೂಂ ಅನ್ನುವವರಿಲ್ಲದ ಕತೆ

ಬಿಸಿಯೂಟದ ಗಂಟೆ ಹೊಡೆದರೆ ಸಾಕು, ಕಾಮಾಕ್ಷಿಪಾಳ್ಯದ ಆ ಸರ್ಕಾರಿ ಶಾಲೆಯ ಮಕ್ಕಳು ತಟ್ಟೆ ಹಿಡಿದುಕೊಂಡು ನೀರಿನ ಟ್ಯಾಂಕಿನ ಕಟ್ಟೆಗೆ ಓಡುತ್ತಿದ್ದರು. ನಾಲ್ಕನೇ ಕ್ಲಾಸಿನ ತನುಶ್ರೀ ಅಲ್ಲಿ ಕೂತಿರುತ್ತಿದ್ದಳು. ಅವಳ ಪಕ್ಕದಲ್ಲಿ ಜಾಗ ಸಿಗಲಿಲ್ಲವೆಂದು ಜಡೆ ಹಿಡಿದು ಎಳೆದಾಡಿದವರೂ ಇದ್ದರು. ಹಿಂದಿನ ಗಲ್ಲಿಯ ವರ್ಕ್‌ಶಾಪಿನಲ್ಲಿ ಪ್ರೆಸ್ ಮಷೀನು ದಡ್ ದಡ್ ಎಂದು ಬಡಿಯುತ್ತಿದ್ದರೂ ಅವಳ ದನಿ ಅದನ್ನು ಮೀರಿ ಕೇಳುತ್ತಿತ್ತು.

"ಒಂದು ಬಸ್ಸಿತ್ತಂತೆ."

"ಹೂಂ."

"ಅದಕ್ಕೆ ಮಾಗಡಿ ರೋಡಲ್ಲಿ ನಿಂತೂ ನಿಂತೂ ಬೇಜಾರಾಗೋಯ್ತಂತೆ."

"ಹೂಂ."

"ಒಂದಿನ ಡ್ರೈವರಣ್ಣ ಟೀ ಕುಡಿಯಕ್ಕೆ ಇಳಿದ. ಇದೇ ಟೈಮು ಅಂತ ಬಸ್ಸು ಹೊರಟೇಬಿಡ್ತು. ಎಲ್ಲಿಗೆ ಹೇಳಿ?"

"ಬ್ಯಾಡರಳ್ಳಿಗೆ!"

"ಅಲ್ಲಿಗೆ ಡೈಲಿ ಹೋಗತ್ತಲ್ಲ, ಪೆದ್ದ. ಅವರಮ್ಮನ ಹತ್ರಕ್ಕೆ."

"ಬಸ್ಸಿಗೆ ಅಮ್ಮ ಇರ್ತಾಳಾ?"

"ಇರಲ್ವಾ ಮತ್ತೆ? ಆಕಾಶದಿಂದ ಉದುರತ್ತಾ? ವಯಸ್ಸಾಗಿದೆ ಪಾಪ, ಟೈರಿಲ್ಲ, ಶೆಡ್ಡಲ್ಲಿ ಕೂತಿದಾಳೆ. ಮಗ ಬರ್ತಾನೇನೋ ಅಂತ ಲೈಟ್ ಹಾಕ್ಕೊಂಡು ಕಾಯ್ತಾವ್ಳೆ."

ಹೂಂ ಅನ್ನುವುದು ತನುಶ್ರೀಯ ಅಜ್ಜಿ ಚಿಕ್ಕಗಂಗಮ್ಮನ ಕಟ್ಟಳೆ. ಕೇಳುವವರು ಹೂಂ ಅಂದರೆ ಕತೆ ಮುಂದಕ್ಕೆ, ಇಲ್ಲದಿದ್ದರೆ ಅಲ್ಲೇ ನಿಲುಗಡೆ. ಯಾರಾದರೂ ಅನ್ನದೆ ಸುಮ್ಮನಿದ್ದರೆ ತನುಶ್ರೀ ಬಾಯಲ್ಲಿ ಅನ್ನವಿಟ್ಟುಕೊಂಡೇ "ಮಲ್ಕೊಂಡ್ರಾ?" ಎಂದು ಗದರುತ್ತಿದ್ದಳು.

ಇಷ್ಟು ಮಾತಾಡುವ ಹುಡುಗಿಗೆ ಓದಲು ಮಾತ್ರ ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ಕಾಲು ಕಟ್ಟಿಹಾಕಿದಂತೆ ನಿಂತುಬಿಡುತ್ತಿದ್ದಳು. ಕ್ಲಾಸ್ ಟೀಚರ್ ಶಶಿಕಲಾ ತಲೆ ಚಚ್ಚಿಕೊಂಡದ್ದೇ ಬಂತು. ಕೊನೆಗೊಂದು ದಿನ ಏನು ತೋಚಿತೋ, ಕಟ್ಟೆಯ ಮೇಲೆ ಕೇಳಿದ ಮಾತನ್ನೇ ಬೋರ್ಡಿನ ಮೇಲೆ ಬರೆದಳು: 'ಬಸ್ಸಿನ ಅಮ್ಮ ಶೆಡ್ಡಿನಲ್ಲಿ ಕಾಯುತ್ತಿದ್ದಳು.' ತನುಶ್ರೀ ಬೆರಳಿಟ್ಟು, ಒಂದೊಂದೇ ಒತ್ತನ್ನು ದಾಟಿ, ಪೂರ್ತಿ ಓದಿದಳು. ಆಮೇಲೆ ಬೆಚ್ಚಿ ತಿರುಗಿ, "ಮಿಸ್, ಇದು ನಂದು!" ಎಂದು ಕೂಗಿದಳು. ಶಶಿಕಲಾಳ ಕಣ್ಣು ತುಂಬಿಬಂತು. ಇನ್ನು ಮೇಲೆ ಮಧ್ಯಾಹ್ನದ ಓದುವ ಪಿರಿಯಡ್ಡಿನಲ್ಲಿ ಮಕ್ಕಳ ಕತೆಗಳನ್ನೇ ಬರೆಯುವುದು, ಅದನ್ನೇ ಓದಿಸುವುದು ಎಂದು ಅವಳು ಅಂದೇ ನಿಶ್ಚಯಿಸಿದಳು.

ಆ ನಿಶ್ಚಯ ಆ ವಾರವೇ ಮಣ್ಣುಪಾಲಾಯಿತು. ಹೆಡ್‌ಮಾಸ್ಟರ್ ಪುರುಷೋತ್ತಮ ಅವಳನ್ನು ಕರೆಸಿದರು.

"ಮೇಡಂ, ವಿಜಯನಗರದಲ್ಲಿ ಕಥೆ ಹೇಳೋ ಸ್ಪರ್ಧೆ ಇದೆ. ನಿಮ್ಮ ಕ್ಲಾಸಲ್ಲಿ ಒಂದು ವಾಚಾಳಿ ಇದೆಯಲ್ಲ, ಅದನ್ನ ರೆಡಿ ಮಾಡಿ."

"ಅವಳಿಗೆ ಈಗಷ್ಟೇ ಓದೋದು ಹತ್ತುತಾ ಇದೆ ಸಾರ್. ಓದೋ ಪಿರಿಯಡ್ ತಪ್ಪಿಸಿದ್ರೆ..."

"ಅವಳು ಓದಿದ್ಲೋ ಬಿಟ್ಲೋ, ಯಾರ್ರೀ ಬಂದು ನೋಡ್ತಾರೆ? ಕಪ್ ಆದ್ರೆ ಗೇಟಿಗೆ ಫ್ಲೆಕ್ಸ್ ಹಾಕಬಹುದು." ಪುರುಷೋತ್ತಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೇನ್ ರೋಡಿನ ಕಾನ್ವೆಂಟ್ ನೋಡಿದ್ರಲ್ಲ, ವ್ಯಾನ್ ಕಳಿಸಿ ನಮ್ಮ ಮಕ್ಕಳನ್ನ ಹತ್ತಿಸ್ಕೊಂಡು ಹೋಗ್ತಾ ಇದಾರೆ. ಹಿಂಗೇ ಆದ್ರೆ ನಮ್ಮನ್ನ ಇನ್ನೊಂದು ಸ್ಕೂಲಿಗೆ ಸೇರಿಸಿ ಬಾಗಿಲು ಹಾಕ್ತಾರೆ. ಆವಾಗ ನಿಮ್ಮ ತನುಶ್ರೀ ಎಲ್ಲಿ ಓದ್ತಾಳೆ, ಹೇಳಿ?"

ಶಶಿಕಲಾ ಒಪ್ಪಿಕೊಂಡಳು. ನಿಜ ಹೇಳಬೇಕೆಂದರೆ ಕಪ್ ಎಂದ ಕೂಡಲೇ ಅವಳ ಬಾಯಲ್ಲೂ ನೀರೂರಿತ್ತು. ಕೆಲಸಕ್ಕೆ ಸೇರಿದಂದಿನಿಂದ ಯಾರೂ ಅವಳನ್ನು ಭೇಷ್ ಎಂದಿರಲಿಲ್ಲ.

ಹೆಡ್‌ಮಾಸ್ಟರೇ ಕತೆಯನ್ನೂ ಕೊಟ್ಟರು. ಟೈಪು ಮಾಡಿದ ಹಾಳೆ; ಲೋಭಿ ವರ್ತಕ ಮತ್ತು ಅವನ ಕತ್ತೆಯ ಕತೆ. ತನುಶ್ರೀಗೆ ಓದಲು ಬಾರದ್ದರಿಂದ ಶಶಿಕಲಾ ಒಂದೊಂದೇ ಸಾಲು ಹೇಳಿಕೊಟ್ಟಳು. 'ಇದ್ದನು' ಎನ್ನುವಾಗ ಬಲಗೈ ಮುಂದಕ್ಕೆ, 'ಅಯ್ಯೋ' ಎನ್ನುವಾಗ ಎರಡೂ ಕೈ ಕೆನ್ನೆಗೆ, 'ನೀತಿ' ಎನ್ನುವಾಗ ತೋರುಬೆರಳು ಮೇಲಕ್ಕೆ.

"ಮಿಸ್, ಅವನು ಯಾಕೆ ಲೋಭಿಯಾದ? ಅವರಮ್ಮ ಅವನಿಗೆ ಸರಿಯಾಗಿ ಊಟ ಹಾಕಿರಲಿಲ್ವಾ?"

"ಅದೆಲ್ಲ ಯಾಕೆ ನಿಂಗೆ? ಇರೋದನ್ನ ಹೇಳು."

"ಕತ್ತೆಗೊಂದು ಹೆಸರಿಡ್ಲಾ ಮಿಸ್?"

"ತನುಶ್ರೀ!"

ಒಂದು ಅಭ್ಯಾಸ ಮಾತ್ರ ಎಷ್ಟು ತಿದ್ದಿದರೂ ಹೋಗಲೊಲ್ಲದು. ಸಾಲು ಮುಗಿದೊಡನೆ ಹುಡುಗಿ ತಡೆದು, ಎದುರಿನವರ ಮುಖ ನೋಡುವಳು. ಕ್ಲಾಸು ಕ್ಲಾಸೇ "ಹೂಂ" ಎನ್ನುವುದು.

"ಯಾರೂ ಹೂಂ ಅನ್ನಬಾರದು. ಸ್ಟೇಜ್ ಮೇಲೆ ಯಾರ್ ಅಂತಾರೆ? ಎಲ್ಲರೂ ಕೈ ಕಟ್ಟಿ, ಬಾಯಿ ಮೇಲೆ ಬೆರಳು!" ಎಂದು ಶಶಿಕಲಾ ಮೇಜಿಗೆ ಸ್ಕೇಲು ಬಡಿದಳು. ಅಷ್ಟೂ ಪುಟ್ಟ ಬೆರಳುಗಳು ತುಟಿಯ ಮೇಲೆ ಕೂತವು. ತನುಶ್ರೀ ಆ ಮುಚ್ಚಿದ ಬಾಯಿಗಳನ್ನೇ ನೋಡುತ್ತ ವರ್ತಕನನ್ನು ಒಬ್ಬಳೇ ಎಳೆದುಕೊಂಡು ಹೋದಳು.

ಸಂಜೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ಚಿಕ್ಕಗಂಗಮ್ಮ ಗೇಟಿನ ಬಳಿ ಶಶಿಕಲಾಳನ್ನು ತಡೆದಳು. "ಮೇಡಮ್ಮೋರೆ, ಮನೇಲಿ ನಾನು ಹೂಂ ಅಂದ್ರೆ ಈ ಮಗ ನನ್ ಬಾಯಿ ಮುಚ್ತದೆ. ಮಿಸ್ ಬೈತಾರೆ ಅಂತದೆ. ಹೂಂ ಅನ್ದಿದ್ರೆ ಕೇಳೋರು ಅವ್ರೋ ಇಲ್ವೋ ಅಂತ ಹೆಂಗೆ ಗೊತ್ತಾಯ್ತದೆ?"

ಗಾರ್ಮೆಂಟ್ಸಿನಿಂದ ನೇರ ಬಂದಿದ್ದ ತನುಶ್ರೀಯ ತಾಯಿ ಸುಮಾ ಅತ್ತೆಯ ಮೇಲೆ ರೇಗಿದಳು. "ನೀವ್ ಸುಮ್ನಿರಿ ಅತ್ತೆ. ನಮ್ ಮಗು ಸ್ಟೇಜ್ ಹತ್ತತಾ ಇದೆ, ಮಧ್ಯದಲ್ಲಿ ನಿಮ್ಮದೊಂದು. ಮಿಸ್, ಚೆನ್ನಾಗಿ ತಿದ್ದಿ. ಏಟು ಹಾಕಿದ್ರೂ ಪರವಾಗಿಲ್ಲ."

ಶಶಿಕಲಾ ನಕ್ಕುಬಿಟ್ಟಳು. ಏಟು ಹಾಕುವ ಅಗತ್ಯ ಬೀಳಲಿಲ್ಲ.

ವಿಜಯನಗರದ ವೇದಿಕೆಯಲ್ಲಿ ತನುಶ್ರೀ ಎಲ್ಲೂ ತಡೆಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನ ಗೋಡೆಗೆ ಕಣ್ಣು ನೆಟ್ಟು, ಕೈ ಎತ್ತಬೇಕಾದಲ್ಲಿ ಎತ್ತಿ, ಒಪ್ಪಿಸಿ ಇಳಿದಳು. ಒಂದಕ್ಷರವೂ ತಪ್ಪಲಿಲ್ಲವೆಂದು ತೀರ್ಪುಗಾರರು ಕೊಂಡಾಡಿದರು. ಮೊದಲ ಬಹುಮಾನ! ಸುಮಾಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಗಳು ಮಿಂಚಿದಳು. ಗೇಟಿಗೆ ಫ್ಲೆಕ್ಸ್ ಬಂತು. ಅದರಲ್ಲಿ ಹೆಡ್‌ಮಾಸ್ಟರ ಮುಖ ದೊಡ್ಡದು, ಮಗುವಿನದು ಮೂಲೆಯಲ್ಲಿ. ಇರಲಿ ಬಿಡಿ, ಫ್ಲೆಕ್ಸು ಎಂದರೆ ಹಾಗೇ ತಾನೆ?

ಟ್ಯಾಂಕಿನ ಕಟ್ಟೆ ಖಾಲಿಯಾದದ್ದನ್ನು ಶಶಿಕಲಾ ತಡವಾಗಿ ಗಮನಿಸಿದಳು. ಮಕ್ಕಳು ಗೋಡೆಗೊರಗಿ ಸುಮ್ಮನೆ ಉಂಡು ಏಳುತ್ತಿದ್ದರು. ಕಪ್ಪಿನ ಗಲಾಟೆಯೆಲ್ಲ ಮುಗಿಯಿತಲ್ಲ, ಇನ್ನು ಬಿಟ್ಟಲ್ಲಿಂದ ಶುರು ಮಾಡೋಣವೆಂದು ಅವಳು ಓದುವ ಪಿರಿಯಡ್ಡಿನಲ್ಲಿ ಚಾಕ್‌ಪೀಸ್ ಹಿಡಿದು ನಿಂತಳು.

"ತನು, ಆ ಬಸ್ಸಿನ ಕತೆ ಹೇಳೇ. ಬೋರ್ಡಲ್ಲಿ ಬರೀತೀನಿ."

ತನುಶ್ರೀ ಎದ್ದು ಮುಂದೆ ಬಂದಳು. ಯೂನಿಫಾರ್ಮ್ ಸರಿಮಾಡಿಕೊಂಡಳು. ಕೈ ಮುಗಿದಳು.

"ಮಾನ್ಯ ತೀರ್ಪುಗಾರರಿಗೆ ನನ್ನ ನಮಸ್ಕಾರಗಳು. ಒಂದಾನೊಂದು ಕಾಲದಲ್ಲಿ ಒಂದು ಬಸ್ಸು ಇದ್ದಿತು." ಬಲಗೈ ಮುಂದಕ್ಕೆ ಹೋಯಿತು. "ಅದು ಬಹಳ ಸೋಮಾರಿಯಾಗಿದ್ದಿತು. ಒಂದು ದಿನ ಅದು ಕೆಲಸ ಬಿಟ್ಟು ಓಡಿಹೋಯಿತು. ಅಯ್ಯೋ!" ಎರಡೂ ಕೈ ಕೆನ್ನೆಗೆ. "ಪೊಲೀಸರು ಅದನ್ನು ಹಿಡಿದರು. ಈ ಕಥೆಯ ನೀತಿ ಏನೆಂದರೆ, ಸೋಮಾರಿತನ ಒಳ್ಳೆಯದಲ್ಲ."

ಮಕ್ಕಳು ಕಲಿಸಿದ್ದಂತೆ ಒಟ್ಟಿಗೆ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ಅವರಮ್ಮ? ಬಸ್ಸಿಗೆ ಅಮ್ಮ ಇದ್ದಳಲ್ಲೇ, ಶೆಡ್ಡಲ್ಲಿ?" ಶಶಿಕಲಾಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ಅದು ಸುಳ್ಳು ಮಿಸ್. ಬಸ್ಸಿಗೆ ಅಮ್ಮ ಇರಲ್ಲ." ಹುಡುಗಿ ಟೀಚರ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದಳು. "ಸರಿಯಾಗಿ ಹೇಳಿದ್ನಾ ಮಿಸ್?"

ಶಶಿಕಲಾ ಚಾಕ್‌ಪೀಸ್ ಕೆಳಗಿಟ್ಟಳು. ಪಾಠಪುಸ್ತಕ ಕೊಟ್ಟು ಓದಿಸಿ ನೋಡಿದಳು. ತನುಶ್ರೀ ಮೊದಲ ಒತ್ತಕ್ಷರದಲ್ಲೇ ನಿಂತಳು. ಆಮೇಲೆ ಪುಸ್ತಕದಿಂದ ಕಣ್ಣೆತ್ತಿ ಗೋಡೆ ನೋಡುತ್ತ, "ನೀವು ಹೇಳಿಕೊಡಿ ಮಿಸ್, ಬಾಯಿಪಾಠ ಮಾಡ್ತೀನಿ" ಎಂದಳು.

ಅಷ್ಟರಲ್ಲಿ ಪುರುಷೋತ್ತಮ ಬಾಗಿಲಿಗೆ ಬಂದು ಶಶಿಕಲಾಳನ್ನು ಹೊರಗೆ ಕರೆದರು. ಮುಖ ಊರಗಲವಾಗಿತ್ತು. "ಮೇಡಂ, ಜಿಲ್ಲಾ ಮಟ್ಟದ ಡೇಟ್ ಬಂತು. ಇವತ್ತಿಂದಲೇ ಶುರು ಹಚ್ಕೊಳ್ಳಿ. ಹೊಸ ಕತೆ ತಂದಿದೀನಿ."

"ಅವಳನ್ನ ಕಳಿಸಲ್ಲ ಸಾರ್."

"ಏನ್ರೀ ಹಂಗಂದ್ರೆ? ಮೊನ್ನೆ ಅಡ್ಮಿಷನ್ ಕೇಳ್ಕೊಂಡು ಬಂದ್ರಲ್ಲ, ಫ್ಲೆಕ್ಸ್ ನೋಡಿ ಬಂದಿದ್ದು ಅವರು. ಅದು ಲೆಕ್ಕಕ್ಕಿಲ್ವಾ?"

"ಇದೆ ಸಾರ್. ಆದ್ರೆ ಬಂದ ಮಕ್ಕಳಿಗೆ ನಾವು ಮಾಡ್ತಿರೋದು ಇದೇ ಅಲ್ವಾ? ಕತೆ ಕಟ್ಟೋ ಹುಡುಗಿ ಕೈಗೆ ಕಪ್ ಕೊಟ್ಟು ಬಾಯಿ ಹೊಲಿದುಬಿಟ್ವಿ. ನೀವಲ್ಲ, ನಾನೇ ಹೊಲಿದೆ."

"ಶಾಲೆ ಮುಚ್ಚಿದ್ರೆ ಜವಾಬ್ದಾರಿ ನಿಮ್ಮದು" ಎಂದು ಪುರುಷೋತ್ತಮ ಹಾಳೆಯನ್ನು ಮಡಚಿಕೊಂಡು ಹೋದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲವೆಂದು ಶಶಿಕಲಾಳಿಗೆ ಗೊತ್ತಿತ್ತು. ಆದರೂ ಅವಳು ಒಳಗೆ ಬಂದು, ಕುರ್ಚಿ ಪಕ್ಕಕ್ಕೆ ತಳ್ಳಿ, ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಕಲಿಸಿದ ವಿದ್ಯೆ ನೋಡಿ, ಅವಳು ಬಾಯಿ ತೆರೆದಳೋ ಇಲ್ಲವೋ, ಹೇಳದೆಯೇ ಅಷ್ಟೂ ಬೆರಳುಗಳು ತುಟಿಗೇರಿದವು.

"ಒಂದು ಬಸ್ಸಿತ್ತಂತೆ" ಎಂದಳು ಶಶಿಕಲಾ.

ಕಾದಳು. ಯಾರೂ ಹೂಂ ಅನ್ನಲಿಲ್ಲ. ಹಿಂದಿನ ಗಲ್ಲಿಯ ಮಷೀನು ಮಾತ್ರ ಬಡಿಯುತ್ತಿತ್ತು.

"ಬೈಯಲ್ಲ. ಹೂಂ ಅನ್ನಿ. ನೀವು ಅನ್ನದಿದ್ರೆ ಬಸ್ಸು ಇಲ್ಲೇ ನಿಂತಿರತ್ತೆ."

ತುಂಬ ಹೊತ್ತಿನ ಮೇಲೆ ಕಿಟಕಿಯ ಪಕ್ಕದಿಂದ ಯಾರದೋ ಒಂದು ಹೂಂ ಅಂಜುತ್ತ ಬಂತು. ಅದರ ಹಿಂದೆ ಇನ್ನೊಂದು.

ತನುಶ್ರೀಯ ಬೆರಳು ತುಟಿಯ ಮೇಲೇ ಇತ್ತು. ಈ ಪಾಠವನ್ನೂ ತಪ್ಪಿಲ್ಲದೆ ಕಲಿಯಬೇಕೆಂಬಂತೆ ಅವಳು ಟೀಚರ ತುಟಿಯನ್ನೇ ನೋಡುತ್ತಿದ್ದಳು. ಶಶಿಕಲಾ ಅವಳ ಕಡೆಗೆ ತಿರುಗಿ ಕೂತು, ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದಳು.

"ಒಂದು ಬಸ್ಸಿತ್ತಂತೆ."

ಕಾದಳು.