ಎಂಜಲ ಗುಳ್ಳೆ

ಮೈದುನ ಸೀಮೆಎಣ್ಣೆಯ ಬಟ್ಟೆ ಹಿಡಿದು ಸತ್ತ ಅಣ್ಣನ ಬೆರಳುಗಳನ್ನು ಮೂರನೆಯ ಸಲ ಉಜ್ಜುತ್ತಿದ್ದ. ನಲವತ್ತು ವರ್ಷ ಟ್ರ್ಯಾಕ್ಟರ್ ಟೈರುಗಳ ಹೊಟ್ಟೆ ಬಗೆದ ಕೈ. ರಬ್ಬರಿನ ಮಸಿ ಚರ್ಮದೊಳಗೇ ಮನೆ ಮಾಡಿತ್ತು.

"ಬಿಡಪ್ಪ, ಸಾಕು," ಎಂದಳು ಸತ್ತವನ ಹೆಂಡತಿ, ಬಾಗಿಲಲ್ಲೇ ನಿಂತು. "ಬದುಕಿದ್ದಾಗ ಹೋಗದ್ದು ಈಗ ಹೋಗುತ್ತಾ?"

"ನಾಲ್ಕು ಜನ ನೋಡ್ತಾರೆ ಅತ್ತಿಗೆ. ಫೋಟೋ ಬೇರೆ ತೆಗೀತಾರೆ." ಅವನು ಹೆಣದ ಬಲಗೈ ಎತ್ತಿ ತೋರಿಸಿದ. "ಆದ್ರೆ ಇದೊಂದು ತೋರುಬೆರಳ ತುದಿ ಮಾತ್ರ ಬೆಳ್ಳಗಿದೆ ನೋಡಿ. ಹೇಗೆ?"

ಹೇಗೆಂದು ಅವಳಿಗೆ ಗೊತ್ತಿತ್ತು. ಮುಖ ತಿರುಗಿಸಿದಳು.

*

ಮದುವೆಯಾದ ಮೊದಲ ವಾರ ಊಟದ ಡಬ್ಬಿ ಹಿಡಿದು ಗಂಡನ ಪಂಕ್ಚರ್ ಅಂಗಡಿಗೆ ಹೋಗಿದ್ದಳು. ತನ್ನಷ್ಟೇ ಎತ್ತರದ ಟ್ರ್ಯಾಕ್ಟರ್ ಚಕ್ರಕ್ಕೆ ಅವನು ಗಾಳಿ ತುಂಬಿ ಮುಗಿಸಿದ್ದ. ತೋರುಬೆರಳನ್ನು ಬಾಯಿಗೆ ಹಾಕಿ ಚೆನ್ನಾಗಿ ಚೀಪಿ, ಆ ಎಂಜಲನ್ನು ವಾಲ್ವಿನ ಬಾಯಿಗೆ ಸವರಿದ.

"ಗುಳ್ಳೆ ಬಂದ್ರೆ ಸೋರ್ತಿದೆ ಅಂತ. ಬರದಿದ್ರೆ ಗಟ್ಟಿ," ಎಂದು ಹೊಸ ಹೆಂಡತಿಗೆ ವಿವರಿಸಿ, ಅದೇ ಬೆರಳನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯಲ್ಲಿ ಉಂಡ. ಅವಳು ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

"ಒಂದು ಡಬ್ಬ ಸೋಪಿನ ನೀರು ಇಟ್ಕೊಳ್ಳೋಕೆ ಏನು ರೋಗ?"

"ಅದನ್ನ ಹುಡುಕ್ಕೊಂಡು ಹೋಗಬೇಕು. ಎಂಜಲು ಬಾಯಲ್ಲೇ ಇರುತ್ತಲ್ಲ."

ಭಾರಕ್ಕೆಂದು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ನೀರು ತುಂಬಿಸುತ್ತಾರೆ. ಅದು ವರ್ಷಗಟ್ಟಲೆ ಒಳಗೇ ಕೊಳೆಯುತ್ತದೆ. ಒಮ್ಮೆ ಅದು ಪೂರ್ತಿ ಅವನ ಮೈಮೇಲೆ ಚಿಮ್ಮಿತು. ಎಂಟು ದಿನ ಸತ್ತ ಇಲಿಯ ಹಾಗೆ ನಾರಿದ. ಅಂದಿನಿಂದ ಅವನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಜಗಲಿಗೆ. ಅವನಿಗೆ ಬೇಸರವಾದಂತೆ ಕಾಣಲಿಲ್ಲ.

"ನಿಮಗೆ ಉಗಿದೂ ಉಗಿದೂ ನನ್ನ ಬಾಯಿ ಒಣಗಿಹೋಯ್ತು," ಎಂದಳು ಒಂದು ದಿನ.

"ಛೆ, ದಂಡ ಮಾಡ್ದೆ. ನಾಲ್ಕು ವಾಲ್ವಿಗಾಗ್ತಿತ್ತು."

ಅವನಿಗಿದ್ದದ್ದು ಒಂದೇ ಜಂಬ: ನಾನು ಹಾಕಿದ ಪಂಕ್ಚರು ವಾಪಸ್ ಬರಲ್ಲ. ಬಂದೂ ಇರಲಿಲ್ಲ. ಆ ಮಾತೊಂದನ್ನು ಅವಳೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅದೂ ಸುಳ್ಳಾದರೆ ನಲವತ್ತು ವರ್ಷ ಮೂಗು ಮುಚ್ಚಿಕೊಂಡಿದ್ದು ಯಾವ ಪುರುಷಾರ್ಥಕ್ಕೆ?

*

ಹೆಣವನ್ನು ಅಂಗಳಕ್ಕೆ ತಂದರು. ನೆಂಟರು ಕರವಸ್ತ್ರವನ್ನು ಕಣ್ಣಿಗಿಂತ ಮೂಗಿಗೇ ಹೆಚ್ಚು ಒತ್ತಿಕೊಂಡಿದ್ದರು. "ದೇವರಂಥ ಮನುಷ್ಯ," ಎಂದ ಷಡ್ಡಕ. ಸತ್ತವನು ಕೂತೆದ್ದ ಕುರ್ಚಿಯನ್ನು ಒರೆಸದೆ ಆತ ಎಂದೂ ಕೂತವನಲ್ಲ. ಅವಳಿಗೆ ಹೇಸಿಗೆಯಾಯಿತು. ತನ್ನ ಸೆರಗೂ ಮೂಗಿನ ಮೇಲಿದೆಯೆಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಆಟದ ಮೈದಾನದ ಮ್ಯಾನೇಜರು ಬಂದರು. ಕೈಯಲ್ಲಿ ಹೂವಿನ ಹಾರ, ಕಂಕುಳಲ್ಲಿ ಹುಲ್ಲು ಕತ್ತರಿಸುವ ಗಾಡಿಯ ಚಕ್ರ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಹಾರ ತಂದದ್ದೇ ಒಂದು ಸುದ್ದಿ. ಅದನ್ನು ಹೆಣದ ಮೇಲಿಟ್ಟು, ಕೈ ಮುಗಿದು, ಅವಳತ್ತ ತಿರುಗಿದರು.

"ಇದನ್ನ ಹೇಳೋ ಹೊತ್ತಲ್ಲಮ್ಮ. ಮೊನ್ನೆ ತಾನೇ ಇದಕ್ಕೆ ಪಂಕ್ಚರ್ ಹಾಕಿಕೊಟ್ಟಿದ್ರು. ಮತ್ತೆ ಇಳಿದಿದೆ. ನಾಳೆ ಪಂದ್ಯ, ಹುಲ್ಲು ಮೊಣಕಾಲಿಗೆ ಬಂದಿದೆ."

"ಸ್ವಾಮಿ, ಹೆಣ ಮುಂದಿದೆ," ಎಂದ ಮೈದುನ.

"ಕಾಣುತ್ತಪ್ಪ. ಪಾಪ, ವಯಸ್ಸಾಗಿತ್ತು. ಕೊನೆಗೆ ಕೈ ಹಿಡಿತ ತಪ್ಪುತ್ತೆ. ಯಾರಿಗಾದ್ರೂ ಆಗೋದೇ."

ಕರವಸ್ತ್ರಗಳು ಮೂಗಿನಿಂದ ಕೆಳಗಿಳಿದವು. "ಕಣ್ಣೂ ಅಷ್ಟಕ್ಕಷ್ಟೇ ಇತ್ತು," ಎಂದ ಷಡ್ಡಕ. "ಕೈ ನಡುಗೋದು ನಾನೇ ನೋಡಿದೀನಿ," ಎಂದಿತು ಹಿಂದಿನಿಂದ ಇನ್ನೊಂದು ದನಿ.

"ಇಲ್ಲಿ ಕೊಡಿ," ಎಂದಳು ಹೆಂಡತಿ.

ಚಕ್ರವನ್ನು ಮಡಿಲಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಳು. ಟ್ಯೂಬಿಲ್ಲದ ಸಣ್ಣ ಟೈರು. ಅರ್ಧ ಗಾಳಿ ಇನ್ನೂ ಇತ್ತು. ಸಂದುಗಳಲ್ಲಿ ಹಸಿ ಹುಲ್ಲು, ನಾಯಿಯ ಹೊಲಸು. ಮುಳ್ಳು ಹೊಕ್ಕಿದ್ದ ಜಾಗದಲ್ಲಿ ಗಂಡ ತುರುಕಿದ್ದ ರಬ್ಬರಿನ ಎಳೆಯ ತುದಿ ಸಿಕ್ಕಿತು.

"ಸೋಪಿನ ನೀರು ತರ್ಲಾ ಅತ್ತಿಗೆ?"

"ಅದನ್ನ ಹುಡುಕ್ಕೊಂಡು ಹೋಗಬೇಕು," ಎಂದು ತೋರುಬೆರಳನ್ನು ಬಾಯಿಗೆ ಹಾಕಿಕೊಂಡಳು.

"ಅಮ್ಮಾ, ಥೂ," ಎಂದಳು ಮಗಳು.

ಎಂಜಲನ್ನು ಪಂಕ್ಚರಿನ ಮೇಲೆ ಸವರಿದಳು. ಅಂಗಳವೆಲ್ಲ ಬಗ್ಗಿ ನೋಡಿತು. ಗುಳ್ಳೆ ಬರಲಿಲ್ಲ. ಕಾದಳು. ಬರಲೇ ಇಲ್ಲ. ಟೈರು ಮುಟ್ಟಿದ ಅದೇ ಬೆರಳನ್ನು ಮತ್ತೆ ಚೀಪಿ ವಾಲ್ವಿನ ಬಾಯಿಗೆ ಇಟ್ಟಳು. ಒಂದು ಗುಳ್ಳೆ ಉಬ್ಬಿತು, ಒಡೆಯಿತು. ಹಿಂದೆಯೇ ಇನ್ನೊಂದು.

"ವಾಲ್ವಿಗೆ ಕೈ ಹಾಕಿದ್ದು ಯಾರು?"

ಮ್ಯಾನೇಜರು ಹೆಣದ ಕಡೆ ನೋಡಿದರು. ಅಲ್ಲಿಂದ ಸಹಾಯ ಬರಲಿಲ್ಲ. "ಗಾಳಿ ಸರಿಯಾಗಿದೆಯಾ ಅಂತ ನಾನೇ ಬೀಗದ ಕೀಲಿಯಲ್ಲಿ ಒಂಚೂರು ಒತ್ತಿ ನೋಡ್ದೆ."

"ಒಳಗಿನ ಪಿನ್ನು ಸೊಟ್ಟಗಾಗಿದೆ. ಪಂಕ್ಚರು ಗಟ್ಟಿಯಿದೆ. ಎಲ್ರೂ ನೋಡಿದ್ರಲ್ಲ?"

ಷಡ್ಡಕ ಕರವಸ್ತ್ರವನ್ನು ಮತ್ತೆ ಮೂಗಿಗೇರಿಸಿದ. ಮ್ಯಾನೇಜರು ಅವಳ ಎಂಜಲು ತಾಗದ ಹಾಗೆ ಚಕ್ರವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡರು.

"ಎತ್ತಿ," ಎಂದ ಮೈದುನ. ನಾಲ್ವರು ಹೆಗಲು ಕೊಟ್ಟರು.

ಮಗಳು ಚೊಂಬು ಹಿಡಿದು ಓಡಿಬಂದಳು. "ಬಾಯಿ ಮುಕ್ಕಳಿಸಮ್ಮ. ಮೊದಲು ಅದನ್ನ ಉಗುಳು."

ಬಾಯಿ ತುಂಬ ರಬ್ಬರು, ಮಣ್ಣು, ಇನ್ನೂ ಏನೇನೋ. ಹೊದಿಕೆಯಿಂದ ಜಾರಿದ ಗಂಡನ ಬಲಗೈ ಅವಳ ಮುಂದೆಯೇ ತೂಗುತ್ತಾ ಹೋಯಿತು, ನಾಲ್ಕು ಕಪ್ಪು ಬೆರಳುಗಳ ನಡುವೆ ಒಂದು ಬಿಳಿ ತುದಿ. ಚೊಂಬನ್ನು ಪಕ್ಕಕ್ಕೆ ಸರಿಸಿ ಅವಳು ನುಂಗಿದಳು.