ಗಾಯದವನು ಯಾವ ಕಡೆ?

"ಅಮ್ಮಾ, ಅತ್ತೆ ವಿಲನ್ನಾ?"

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ನನ್ನ ಐದು ವರ್ಷದ ಮಗಳು ಕೇಳಿದಳು. ಅತ್ತೆಯೆಂದರೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಅವರ ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಹಳೆಯ ಸುಟ್ಟ ಕಲೆಯಿದೆ. ನಕ್ಕಾಗ ಆ ಬದಿಯ ತುಟಿ ಕೊಂಚ ತಡವಾಗಿ ಬಂದು ನಗುವಿಗೆ ಸೇರಿಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಅದು ಎಂದೋ ಕಾಣದಂತಾಗಿತ್ತು, ಮಗಳಿಗೂ ಹಾಗೆಯೇ. ಈಗ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದಾದರೆ ಸಾಕು, ಇವಳು ಮಂಚದ ಕೆಳಗೆ.

ಅತ್ತಿಗೆ ನಡೆಯುವುದು ಜಗಳಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೂದು ಬಣ್ಣದ ಕೋಟು ತೊಟ್ಟು, ಜೇಬಿನಲ್ಲಿ ಕಿರುಬೆರಳುದ್ದದ ಸ್ಕ್ರೂಡ್ರೈವರ್ ಇಟ್ಟುಕೊಂಡು, ಬಂದವರ ಮೂಗಿಗೂ ಕಿವಿಗೂ ಫ್ರೇಮು ಹೊಂದಿಸಿ, ಇಡೀ ದಿನ ಅನ್ಯರ ಮುಖಕ್ಕೆ ಕನ್ನಡಿ ಹಿಡಿಯುತ್ತಾರೆ. ಕೆಲವರು ಕನ್ನಡಿ ನೋಡುವ ಮೊದಲು ಇವರ ಕೆನ್ನೆ ನೋಡುತ್ತಾರೆ. "ನನ್ನದು ಆಮೇಲೆ ನೋಡಿ, ಮೊದಲು ನಿಮ್ಮದು," ಎನ್ನುತ್ತಾರೆ ಅತ್ತಿಗೆ, ದನಿ ಏರಿಸದೆ.

ದನಿ ಏರುವುದು ಶನಿವಾರ ಸಂಜೆ. ಅಂದು ಕಾಮಿಕ್ಸ್ ಅಂಗಡಿಗೆ ಹೊಸ ಸೂಪರ್‌ಹೀರೋ ಪುಸ್ತಕಗಳು ಬರುತ್ತವೆ, ಅತ್ತಿಗೆ ವಾರದ ಓದನ್ನು ಆರಿಸಲು ಹೋಗುತ್ತಾರೆ. ಲಂಗ ತೊಡುತ್ತಿದ್ದ ಕಾಲದಿಂದ ಹತ್ತಿದ ಹುಚ್ಚು. ಮುಖಪುಟದ ಬಣ್ಣಕ್ಕಾಗಲಿ, ನಾಯಕನ ಭುಜಬಲಕ್ಕಾಗಲಿ ಅವರು ಸೋಲುವವರಲ್ಲ. ಕೇಳುವುದು ಒಂದೇ ಮಾತು.

"ಗಾಯದವನು ಯಾವ ಕಡೆ?"

"ಈ ವಾರ ಆರು ಬಂದಿವೆ ಅಕ್ಕಾ," ಎಂದ ಅಂಗಡಿಯವನು ತಲೆ ಕೆರೆದುಕೊಂಡ. ಇದೆಲ್ಲ ಶುರುವಾದ ಆ ಶನಿವಾರ ನಾನೂ ಜೊತೆಗಿದ್ದೆ. "ಐದರಲ್ಲಿ ಗಾಯದವನೇ ಕೇಡಿ. ಆರನೇದರಲ್ಲಿ ಕೇಡಿ ಮುಖವಾಡ ಹಾಕ್ಕೊಂಡಿದಾನೆ, ಮುಖ ಗೊತ್ತಾಗಲ್ಲ."

"ಅಂದ್ರೆ ಏನರ್ಥ?" ಇದು ಅವರ ಪಲ್ಲವಿ. "ಕುಂಟನಾದ್ರೆ ಕೇಡಿ, ಒಕ್ಕಣ್ಣನಾದ್ರೆ ಕೇಡಿ, ಚರ್ಮ ಸುಟ್ಟಿದ್ರಂತೂ ಕೇಳೋದೇ ಬೇಡ. ಚಿತ್ರ ಬರೆಯೋರಿಗೆ ಬೇರೆ ಗೀಟು ಎಳೆಯೋಕೆ ಬರಲ್ವಾ?"

"ಇಷ್ಟು ಸಿಟ್ಟು ಮಾಡ್ಕೊಂಡು ಯಾಕಕ್ಕಾ ಓದ್ತೀರಿ? ಬಿಟ್ಬಿಡಿ."

"ನಾನ್ಯಾಕೆ ಬಿಡ್ಲಿ? ಹಾರೋದು ನನಗಿಷ್ಟ."

ಮುಖವಾಡದ ಪುಸ್ತಕವನ್ನೇ ಆರಿಸಿ, ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಓದಿದರು. ಕೊನೆಯ ಪುಟದಲ್ಲಿ ನಾಯಕ ಮುಖವಾಡ ಕಿತ್ತೆಸೆಯುತ್ತಾನೆ. ಕೆಳಗಿದ್ದದ್ದು ಸುಟ್ಟ ಕೆನ್ನೆ. ಎಡಗೆನ್ನೆ. ಅವನು ಯಾಕೆ ಕೆಟ್ಟವನಾದ ಎಂಬುದಕ್ಕೆ ಒಂದಕ್ಷರದ ವಿವರಣೆಯೂ ಇಲ್ಲ. ಕೆನ್ನೆಯೇ ಸಾಕ್ಷಿ, ಕೆನ್ನೆಯೇ ತೀರ್ಪು. ಅತ್ತಿಗೆ ಪುಸ್ತಕವನ್ನು ಮೇಜಿಗೆ ಬಡಿದು ಎದ್ದುಹೋದರು. ತೆರೆದೇ ಬಿದ್ದಿದ್ದ ಆ ಪುಟ ಮಗಳ ಕಣ್ಣಿಗೆ ಬಿತ್ತು. ಓದಲು ಬಾರದ ಮಗುವಿಗೂ ಅರ್ಥವಾಗುವಷ್ಟು ಸಲೀಸಾಗಿ ಚಿತ್ರ ಬರೆದಿದ್ದ ಆ ಪುಣ್ಯಾತ್ಮನ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತಿಗೆ ಮತ್ತೆ ಬಂದ ದಿನ ನನ್ನ ಗಂಡ ಅದನ್ನು ಸರಿಪಡಿಸಲು ಹೋದರು. "ಅತ್ತೆ ಹೀರೋ ಪುಟ್ಟಿ! ಬೆಂಕಿಯೊಳಗೆ ನುಗ್ಗಿ ಒಂದು ಪಾಪೂನ ಕಾಪಾಡಿದ್ರು," ಎಂದುಬಿಟ್ಟರು. ಮಗಳು ಮಂಚದ ಕೆಳಗಿನಿಂದ ತಲೆಯನ್ನಷ್ಟೇ ಹೊರಗೆ ಹಾಕಿದಳು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ಯಾವ ಬೆಂಕಿನೋ ಅದು? ಯಾವ ಪಾಪು?"

"ಅಲ್ಲ ಅಕ್ಕಾ, ಮಗು ಹೆದರಿಕೊಂಡಿತ್ತು, ಅದಕ್ಕೆ..."

"ಒಲೆ ಮೇಲಿನ ಬಿಸಿನೀರಿನ ಪಾತ್ರೆ ನಾನೇ ಎಳ್ಕೊಂಡಿದ್ದು. ಇವಳಷ್ಟೇ ಇದ್ದೆ. ಒಳಗೇನು ಅಂತ ನೋಡೋ ಆಸೆ, ಅಷ್ಟೇ. ಆ ಪುಸ್ತಕದವರು ನನ್ನನ್ನ ಕೇಡಿ ಮಾಡಿದ್ರು, ನೀನು ದೇವತೆ ಮಾಡ್ತಿದ್ದೀಯ. ಅಂದ್ರೆ ಏನರ್ಥ? ಸುಮ್ನೆ ಒಬ್ಬಳು ಹೆಂಗಸಾಗಿ ಇರೋಕೆ ನನಗೆ ಜಾಗ ಇಲ್ವೇನೋ?"

ಮಗಳ ತಲೆ ಮತ್ತೆ ಒಳಗೆ ಹೋಯಿತು. ಅದನ್ನು ನೋಡಿ ಅತ್ತಿಗೆಯ ಮುಖದಲ್ಲಿ ಸರಿದುಹೋದ ನೋವನ್ನು ಬರೆಯಲು ನನ್ನ ಈ ಡೈರಿಯಲ್ಲಿ ಮಾತಿಲ್ಲ.

ಇಂಥವರನ್ನು ಲೋಕ ಮುಂಗೋಪಿಗಳೆನ್ನುತ್ತದೆ. ನಾನು ಕಂಡಂತೆ, ಒಲ್ಲದ್ದನ್ನು ಬಿಟ್ಟು ನಡೆಯುವುದು ಸುಲಭ. ಒಲಿದದ್ದರೊಳಗೇ ನಿಂತು, ತಮ್ಮ ಪಾಲಿನ ಜಾಗಕ್ಕಾಗಿ ವಾರವಾರವೂ ಜಗಳವಾಡುವವರು ಅಪರೂಪ. ಅವರ ಕೋಪ ಪ್ರೀತಿಯ ಇನ್ನೊಂದು ಹೆಸರೆಂದು ನಾನು ಹೇಳಲಾರೆ. ಕೋಪ ಕೋಪವೇ, ಅದು ನ್ಯಾಯವಾದದ್ದೇ. ನಮ್ಮ ಸಮಾಧಾನದ ಸಿಹಿಮಾತುಗಳಿಗೆ ಅದು ಕರಗಬೇಕಾಗಿಯೂ ಇಲ್ಲ.

ಹೊರಡುವಾಗ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು. ಜೇಬಿನಲ್ಲಿ ಕೈ ಆಡಿಸುತ್ತ, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದರು:

"ನನಗೊಂದು ಉಪಕಾರ ಮಾಡ್ತೀಯಾ? ಈ ಶನಿವಾರ ಇವಳನ್ನ ನನ್ನ ಜೊತೆ ಅಂಗಡಿಗೆ ಕಳಿಸು. ಪುಸ್ತಕ ಅವಳೇ ಆರಿಸ್ಲಿ. ಅವಳು ಅತ್ರೂ ಪರವಾಗಿಲ್ಲ, ನೀನು ಮಾತ್ರ ಹಿಂದೆ ಬರಬೇಡ."