ಒಲ್ಲೆ ಅಂದ್ರೂ ಹೌದಂತ

ತಾಟು ಖಣ್ ಅಂತು, ಪಡಸಾಲ್ಯಾಗ ಸಕ್ರಿ ಸುರುವಾಕತ್ತಾರ, ಅವ್ವನ ಕೈನಽ ಅದು, ಉಮಾ ಲಗೂನ ಬಾರವಾ, ಮುಂಡಗೋಡದ ಗಂಡಿನ ಕಡಿಯವರು ಬಂದು ಕುಂತಾರ — ಬರ್ತೇನಿ, ಬಾಯಾಗ ಸಕ್ರಿ ಬಿತ್ತಂದ್ರ ಮದುವಿ ಮಾತು ಗಟ್ಟಿ, ಗೊತ್ತೈತಿ, ಸೀರಿ ಉಟ್ಕೊಂಡಽ ಕುಂತೇನಿ, ತೊಡಿಮ್ಯಾಲ ಲ್ಯಾಪ್‌ಟಾಪ್, ಮುಂಜಾನಿಂದ ಪ್ರೋಗ್ರಾಮಿನ ಅದಽ ಒಂದು ಸಾಲು, ಬರ್ತಾರೋ ಇಲ್ಲೋ ಅನ್ನೂದಕ್ಕ ಖಚಿತ ಅಂತ ಹೆಸರು, ಅದರ ಮುಂದ ಬೂಲ್ ಅಂತ ನಾನಽ ಬರದ ಟೈಪ್ ಹಿಂಟ್, ಎಂಥಾ ಉತ್ತರ ಇರಬೇಕು ಅನ್ನೂ ಗುರ್ತು, ಬೂಲ್ ಅಂದ್ರ ಹೌದು, ಇಲ್ಲಾಂದ್ರ ಅಲ್ಲ, ಮೂರನೇ ಮಾತಿಲ್ಲ. ಗಣೇಶಗುಡಿ ಹೋಂಸ್ಟೇಕ್ಕ ಬುಕಿಂಗ್ ಪ್ರೋಗ್ರಾಮ್ ಬರದು ಕೊಟ್ಟೇನಿ, ಅದನ್ನ ನೋಡ್ಕೊಳ್ಳೂ ಕಾಜಲ್ ಫೋನ್ ಹಚ್ಚಿದ್ಲು, ಏನ ಉಮಕ್ಕಾ ಇದು, ಬರೂದಿಲ್ಲ ಅಂದವರಿಗೂ ನಿನ್ನ ಪ್ರೋಗ್ರಾಮ್ ಬರ್ರಿ, ರೂಮ್ ಐತಿ ಅಂತ ಮೆಸೇಜ್ ಕಳಿಸೇತಿ — ಕಮಾಂಡ್ ಲೈನಿನ್ಯಾಗ ನಾ ಫಾಲ್ಸ್ ಅಂತ ಚಂದಂಗ ಟೈಪ್ ಮಾಡೇನಿ, ಪೈಥಾನ್ ಅದನ್ನ ಟ್ರೂ ಅಂತ ತಗೊಂಡೈತಿ, ಅಲ್ಲಿ ಟೈಪ್ ಮಾಡಿ ಕೊಟ್ಟ ಆರ್ಗ್ಯುಮೆಂಟ್ ಎಲ್ಲಾ ಅದಕ್ಕ ಬರೇ ಅಕ್ಷರ, ಬೂಲ್ ಮಾಡು ಅಂದ್ರ ಆ ಅಕ್ಷರ ಏನಂತಾವ ಅಂತ ಓದೂದಿಲ್ಲ, ಅದಾವೋ ಇಲ್ಲೋ ಅಷ್ಟಽ ನೋಡ್ತೈತಿ, ಅದಾವಂದ್ರ ಹೌದು, ಖಾಲಿ ಇದ್ರ ಮಾತ್ರ ಅಲ್ಲ.

ಒಲ್ಲೆ, ಅಂದಿದ್ನಲ್ಲ ನಾನೂ, ಒಲಿ ಮುಂದ ನಿಂತು ಅಂದಿದ್ದೆ, ಬಸಲಿಂಗಯ್ಯ ಕಾಕಾ ನಕ್ಕ, ನಾಚ್ಕೋತಾಳ ಹುಡುಗಿ, ಅಳಕೋತ ಮತ್ತ ಅಂದೆ, ತವರು ಬಿಡೂ ಸಂಕಟ ಅದು, ಎಲ್ಲಾರೂ ಅಳ್ತಾರ ಬಿಡು ಅಂದ, ಸುಮ್ಮನಿದ್ದಿದ್ರ ಒಪ್ಪಿದಾಳ ಅಂತಿದ್ರು, ಥೂ, ಈ ಮಷೀನಽ ವಾಸಿ, ಖಾಲಿ ಅಂದ್ರ ಅಲ್ಲ ಅಂತಾದ್ರೂ ತಿಳ್ಕೋತೈತಿ. ನನಗ ಆ ರುದ್ರೇಶ ಬ್ಯಾಡ, ನೋಡಾಕ ಬಂದಾಗ, ಮದುವಿ ಆದಮ್ಯಾಲ ಈ ಟಕಟಕ ಎಲ್ಲಾ ಬಂದ್ ಹಾಂ ಅಂತ ನಕ್ಕೋತ ಲ್ಯಾಪ್‌ಟಾಪ್ ಮುಚ್ಚಿದಾಂವ, ನನ್ನ ಬೆರಳು ಇನ್ನೂ ಒಳಗಿದ್ದುವು, ಕೆಟ್ಟಾಂವಲ್ಲ ಅಂತಾಳ ಅವ್ವ, ಇರ್ಲಿಕ್ಕಿಲ್ಲ, ನನಗ ಬ್ಯಾಡ. ಬೂಲ್ ತಗದು, ಅಕ್ಷರ ಓದಿ ನೋಡು ಅಂತ ಬ್ಯಾರೆ ಸಾಲು ಬರದೆ, ಓಡಿಸಿದೆ, ಫಾಲ್ಸ್ ಅಂದದ್ದಕ್ಕ ಫಾಲ್ಸ್ ಅಂತು, ಒಂದಽ ಸಲಕ್ಕ ಕೇಳಿಸ್ಕೊಂಡಿತು, ನಾ ಯಾಕ ಅಳಾಕತ್ತೇನಿ.

ಪಡಸಾಲ್ಯಾಗ ಹಾಸಿದ ಕಂಬಳಿ ಚುಚ್ಚತೈತಿ, ಅತ್ತಿ ಆಗಾಕಿ ಬಗ್ಗಿ ಕುಂತಾಳ, ಮೈಯೆಲ್ಲಾ ವಿಭೂತಿ ವಾಸನಿ, ಬಾಯಿ ತಗಿಯವಾ, ಆಕಿ ಬೆರಳಾಗ ಚಿಟಿಗಿ ಸಕ್ರಿ, ಒಲ್ಲೆ ಅನ್ನಾಕ ಬಾಯಿ ತಗೀಬೇಕು, ತಗದ್ನೆಂದ್ರ ಸಕ್ರಿ ಒಳಗ, ಹಲ್ಲು ಕಚ್ಚಿ ಕುಂತೇನಿ, ತಗಿಯವಾ, ಕಾಕಾನ ನಗಿ ಅರ್ಧಕ್ಕ ನಿಂತಿತು, ಅವ್ವ ನೋಡಾಕತ್ತಾಳ, ನನ್ನ ಬಾಯಿನಽ ನೋಡಾಕತ್ತಾಳ, ತುಟಿಗೆ ಬಡದು ಉದರಾಕತ್ತೈತಿ, ಸೀರಿಮ್ಯಾಲ, ಕಂಬಳಿಮ್ಯಾಲ, ತಗಿ ಉಮಾ, ಸಕ್ರಿ, ಮುಚ್ಚಿದ ಬಾಯಿ, ತುಟಿಮ್ಯಾಲ ಸಕ್ರಿ —